ಐಐಟಿ, ಐಐಎಸ್‌ಸಿ ಸೀಟು ಸಿಕ್ಕಿದೆ, ಸರಿ. ಮೊದಲ ಸೆಮಿಸ್ಟರ್ ದಾಟುವುದು ಹೇಗೆ?

ಜೂನ್ ಕೊನೆ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. "ಸರ್, ಮಗನಿಗೆ ಮದ್ರಾಸ್ ಐಐಟಿ ಸಿಕ್ಕಿದೆ, ಮುಂದೇನು ಮಾಡಬೇಕು?" "ಅಣ್ಣಾ, ಐಐಎಸ್‌ಸಿಲಿ ಓದೋದು ತುಂಬಾ ಕಷ್ಟವಂತೆ, ನಿಜಾನಾ?" ಮಳವಳ್ಳಿ, ಕೆ.ಆರ್. ಪೇಟೆ, ನಂಜನಗೂಡು, ಮೈಸೂರಿನ ಕುವೆಂಪುನಗರ, ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಪ್ರತಿ ವರ್ಷ ಅದೇ ಉತ್ತರ ಟೈಪ್ ಮಾಡಿ ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಸೀಟು ಪಡೆಯುವುದು ಹೇಗೆ ಎಂಬುದು ಇಲ್ಲಿಲ್ಲ. ಅದನ್ನು ಹೇಳುವವರು ಗಲ್ಲಿಗೊಬ್ಬರಿದ್ದಾರೆ. ಸೀಟು ಸಿಕ್ಕ ದಿನದಿಂದ ಮೊದಲ ಗ್ರೇಡ್ ಶೀಟ್ ಕೈಗೆ ಬರುವ ದಿನದವರೆಗಿನ ಆರು ತಿಂಗಳಷ್ಟೇ ಇಲ್ಲಿನ ವಿಷಯ.

ಮೊದಲೇ ಒಂದು ಮಾತು. ಇಂಥ ಕಡೆ ಎಡವುವವರು ದಡ್ಡರಲ್ಲ. ದಡ್ಡರಾಗಿದ್ದರೆ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಪಿಯುಸಿಯ ಅಭ್ಯಾಸಗಳನ್ನು ಗಂಟು ಕಟ್ಟಿಕೊಂಡು ಹೋದವರು ಎಡವುತ್ತಾರೆ. ಅದರಲ್ಲೂ ಒಂದು ಅಭ್ಯಾಸ ನಮ್ಮ ಕಡೆಯವರಿಗೆ ಜಾಸ್ತಿ: ಗೊತ್ತಾಗದಿದ್ದರೂ ಕೇಳದೆ ಸುಮ್ಮನೆ ತಲೆ ಆಡಿಸುವುದು.

1. ಹೊರಡುವ ಮುಂಚೆ: ಕಾಗದ, ದುಡ್ಡು

ಐಐಟಿಗಳಲ್ಲಿ ಬಿ.ಟೆಕ್‌ನ ಬೋಧನಾ ಶುಲ್ಕವನ್ನು 2016ರಲ್ಲಿ ವರ್ಷಕ್ಕೆ 2 ಲಕ್ಷ ರೂಪಾಯಿಗೆ ಏರಿಸಿದರು. ಹಾಸ್ಟೆಲ್, ಮೆಸ್ ಖರ್ಚು ಬೇರೆ. ಈ ಅಂಕಿ ಕೇಳಿಯೇ ಗದ್ದೆ ಅಡ ಇಡುವ ಮಾತಾಡಬೇಡಿ. ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿ. ಉಳಿದವರಲ್ಲಿ ಮನೆಯ ವಾರ್ಷಿಕ ಆದಾಯ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಅವರಿಗೂ ಪೂರ್ತಿ ಮಾಫಿ. 1ರಿಂದ 5 ಲಕ್ಷದ ಒಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ.

ಸಾಲ ಬೇಕೇ ಬೇಕು ಎಂದಾದರೆ 2024ರಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇದೆ. ದೇಶದ ಮುಂಚೂಣಿ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನ, ಜಾಮೀನು ಎರಡೂ ಇಲ್ಲದೆ ಸಾಲ ಸಿಗುತ್ತದೆ. ಮನೆಯ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿ ರಿಯಾಯಿತಿ ಕೇಳಬಹುದು. ಬ್ಯಾಂಕಿಗೆ ಹೋದಾಗ ಯೋಜನೆಯ ಹೆಸರು ಹಿಡಿದೇ ಕೇಳಿ.

ಇಲ್ಲಿ ಜನ ಎಡವುವುದು ಮೂರು ಕಡೆ.

ಒಂದು, ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಊರಿನ ಹೆಸರೂ ಸೇರಿ ಇನ್ನೊಂದು ಥರ. ನಮ್ಮ ಕಡೆ ಇದು ಮನೆಮನೆಯ ಕಥೆ. ಆಧಾರನ್ನು ಅಂಕಪಟ್ಟಿಗೆ ಹೊಂದಿಸಿ, ಅಂಕಪಟ್ಟಿಯನ್ನು ಆಧಾರಿಗೆ ಹೊಂದಿಸಲು ಹೋಗಬೇಡಿ. ಮೊದಲನೆಯದು ವಾರಗಳ ಕೆಲಸ, ಎರಡನೆಯದು ತಿಂಗಳುಗಳದ್ದು.

ಎರಡು, ಜಾತಿ ಪ್ರಮಾಣಪತ್ರ. ರಾಜ್ಯದ 2ಎ, 3ಎ ಪತ್ರ ಕೇಂದ್ರದ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯೇ ನೋಡಿಕೊಂಡು, ಕೇಂದ್ರದ ನಮೂನೆಯಲ್ಲೇ ಪತ್ರ ಮಾಡಿಸಿ. ಆ ವರ್ಷದ ಏಪ್ರಿಲ್ 1ರ ನಂತರದ ತಾರೀಖು ಇರಬೇಕು.

ಮೂರು, ಆದಾಯ ಪ್ರಮಾಣಪತ್ರ. ನಾಡಕಚೇರಿಯಿಂದ ತಂದ ಹಳೆಯ ಪತ್ರ ಇನ್ನೂ ಚಾಲ್ತಿಯಲ್ಲಿದ್ದರೂ ಸಂಸ್ಥೆಯವರು ಹೊಸದನ್ನೇ ಕೇಳಬಹುದು. ಇಂಗ್ಲಿಷಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಚೆನ್ನೈನ ಗುಮಾಸ್ತರು ಕನ್ನಡ ಓದಲಾರರು.

2. ಕೈಯಲ್ಲಿರುವ ಒಂದು ತಿಂಗಳು

ಸೀಟು ಖಚಿತವಾಗಿ, ತರಗತಿ ಶುರುವಾಗುವ ತನಕ ಸುಮಾರು ಒಂದು ತಿಂಗಳು ಸಿಗುತ್ತದೆ. "ಮುಂಚಿತ ತಯಾರಿ" ಎಂದು ಯಾವುದಾದರೂ ಕೋಚಿಂಗಿಗೆ ದುಡ್ಡು ಸುರಿಯಬೇಡಿ. ಎರಡು ವರ್ಷ ಓದಿದ್ದೀರಿ, ನಿದ್ದೆ ಮಾಡಿ. ಸಂಜೆ ಹೊತ್ತು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆದು ಬನ್ನಿ. ಜೊತೆಗೆ ಎರಡೇ ಎರಡು ಕೆಲಸ ಮಾಡಿದರೆ ಸಾಕು.

ಮೊದಲನೆಯದು ಪ್ರೋಗ್ರಾಮಿಂಗ್. ಪಿಯುಸಿಯಲ್ಲಿ ಬಯಾಲಜಿ ತೆಗೆದುಕೊಂಡವರು ಒಂದು ಸಾಲು ಕೋಡ್ ಕೂಡ ಬರೆದಿರುವುದಿಲ್ಲ. ಅಲ್ಲಿ ಪಕ್ಕದಲ್ಲಿ ಕೂರುವವರು ಎಂಟನೇ ಕ್ಲಾಸಿನಿಂದ ಬರೆಯುತ್ತಿರುತ್ತಾರೆ. ಮೊದಲ ವಾರ ಅವರ ಬೆರಳು ಓಡುವುದನ್ನು ನೋಡಿ ನಮ್ಮ ಹುಡುಗರು ಅರ್ಧ ಸೋಲು ಒಪ್ಪಿಕೊಂಡುಬಿಡುತ್ತಾರೆ. ದಿನಕ್ಕೆ ಒಂದು ಗಂಟೆ ಪೈಥಾನ್ ಕಲಿಯಿರಿ. 1ರಿಂದ 100ರವರೆಗಿನ ಅವಿಭಾಜ್ಯ ಸಂಖ್ಯೆಗಳನ್ನು ಪಟ್ಟಿ ಮಾಡುವ ಕೋಡನ್ನು ಯಾರ ಸಹಾಯವೂ ಇಲ್ಲದೆ ಬರೆಯಲು ಬಂದರೆ ಅಲ್ಲಿಗೆ ಸಾಕು. ಟೈಪಿಂಗ್ ತಾನಾಗಿ ಬರುತ್ತದೆ.

ಎರಡನೆಯದು ಕಿವಿ. ಪಿಯು ವಿಜ್ಞಾನ ಇಂಗ್ಲಿಷಿನಲ್ಲೇ ಇರುತ್ತದೆ, ನಿಜ. ಆದರೆ ಪುಸ್ತಕ ಇಂಗ್ಲಿಷ್, ಬೋರ್ಡಿನ ಮೇಲೆ ಬರೆಯುವುದು ಇಂಗ್ಲಿಷ್, ವಿವರಿಸುವುದು ಕನ್ನಡ, ನಮ್ಮ ಎಷ್ಟೋ ಕಾಲೇಜುಗಳಲ್ಲಿ ಹೀಗೇ ಅಲ್ವಾ? ವೇಗೋತ್ಕರ್ಷ, ಸಂವೇಗ ಎಂದು ಓದಿ ಬಂದವರಿಗೂ ಆಕ್ಸಲರೇಶನ್, ಮೊಮೆಂಟಮ್ ಈ ಹೊತ್ತಿಗೆ ರೂಢಿಯಾಗಿರುತ್ತದೆ. ಕಷ್ಟ ಆಗುವುದು ಒಂದು ಗಂಟೆ ನಿಲ್ಲದೆ ಬರುವ ಇಂಗ್ಲಿಷ್ ಮಾತನ್ನು ಹಿಂಬಾಲಿಸುವುದು. ಎನ್‌ಪಿಟಿಇಎಲ್ ಎಂದು ಹುಡುಕಿ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಉಚಿತ ವಿಡಿಯೊ ಪಾಠಗಳು ಸಿಗುತ್ತವೆ. ಲೀನಿಯರ್ ಆಲ್ಜೀಬ್ರಾ ಪಾಠ ಒಂದನ್ನು ಹಾಕಿಕೊಂಡು, ನಿಲ್ಲಿಸದೆ ಕೇಳಿ ನೋಟ್ಸ್ ಬರೆಯಿರಿ. ವಿಷಯ ಪೂರ್ತಿ ಅರ್ಥ ಆಗದಿದ್ದರೂ ಚಿಂತೆಯಿಲ್ಲ. ಕಿವಿ ಹದವಾದರೆ ಸಾಕು.

ಲ್ಯಾಪ್‌ಟಾಪ್ ಬಗ್ಗೆ ಎಲ್ಲರೂ ಕೇಳುತ್ತಾರೆ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ಸಾಧಾರಣದ್ದು ಮೊದಲ ವರ್ಷಕ್ಕೆ ಬೇಕಾದಷ್ಟಾಯಿತು. ಲಕ್ಷದ ಗೇಮಿಂಗ್ ಲ್ಯಾಪ್‌ಟಾಪ್ ತೆಗೆದುಕೊಂಡರೆ ಅದರಲ್ಲಿ ಏನು ನಡೆಯುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

3. ಮೊದಲ ವಾರ: ಕ್ರೆಡಿಟ್, ಗ್ರೇಡ್, ಹಾಜರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಲೆಕ್ಕ ಗೊತ್ತಿಲ್ಲದೆ ಆಟಕ್ಕಿಳಿಯಬಾರದು.

ಪ್ರತಿ ವಿಷಯಕ್ಕೂ ಒಂದು ತೂಕ ಇರುತ್ತದೆ. ಅದಕ್ಕೆ ಕ್ರೆಡಿಟ್ ಎನ್ನುತ್ತಾರೆ. ಐಐಎಸ್‌ಸಿಯಲ್ಲಿ 3:1 ಎಂದು ಬರೆದಿದ್ದರೆ ಪಾಠಕ್ಕೆ 3, ಲ್ಯಾಬಿಗೆ 1, ಒಟ್ಟು 4 ಕ್ರೆಡಿಟ್ ಎಂದರ್ಥ. ಪರೀಕ್ಷೆ ಮುಗಿದ ಮೇಲೆ ಅಂಕದ ಬದಲು ಅಕ್ಷರ ಕೊಡುತ್ತಾರೆ. ಮದ್ರಾಸ್ ಐಐಟಿಯಲ್ಲಿ ಎಸ್ ಬಂದರೆ 10, ಎ ಬಂದರೆ 9, ಬಿ ಬಂದರೆ 8. ಬಾಂಬೆ ಐಐಟಿಯಲ್ಲಿ ಅದೇ 10ಕ್ಕೆ ಎಎ, 9ಕ್ಕೆ ಎಬಿ, 8ಕ್ಕೆ ಬಿಬಿ. ಪ್ರತಿ ವಿಷಯದ ಕ್ರೆಡಿಟ್ಟನ್ನು ಈ ಅಂಕಿಯಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸಿದರೆ ಬರುವುದೇ ಗ್ರೇಡ್ ಸರಾಸರಿ. ಎಲ್ಲ ಸೆಮಿಸ್ಟರುಗಳನ್ನೂ ಸೇರಿಸಿ ಹೀಗೆ ಮಾಡಿದರೆ ಅದು ಸಿಜಿಪಿಎ.

ಒಂದು ಉದಾಹರಣೆ ಹಾಕೋಣ. ಗಣಿತ 10 ಕ್ರೆಡಿಟ್, ನಿಮಗೆ ಬಂದದ್ದು 7. ಫಿಸಿಕ್ಸ್ 10, ಬಂದದ್ದು 8. ಕೆಮಿಸ್ಟ್ರಿ 10, ಬಂದದ್ದು 6. ಪ್ರೋಗ್ರಾಮಿಂಗ್ 10, ಬಂದದ್ದು 9. ವರ್ಕ್‌ಶಾಪ್ 4, ಬಂದದ್ದು 10. ಗುಣಿಸಿ ಕೂಡಿಸಿದರೆ 340. ಅದನ್ನು 44ರಿಂದ ಭಾಗಿಸಿದರೆ 7.73. ಈಗ ನೋಡಿ, ಗಣಿತದಲ್ಲಿ ಒಂದು ಮೆಟ್ಟಿಲು ಮೇಲೆ ಹತ್ತಿದ್ದರೆ 7.95 ಆಗುತ್ತಿತ್ತು. ವರ್ಕ್‌ಶಾಪಿನಲ್ಲಿ ಒಂದು ಮೆಟ್ಟಿಲು ಇಳಿದಿದ್ದರೂ 7.64 ಇರುತ್ತಿತ್ತು. ಆದರೂ ಹುಡುಗರು ವರ್ಕ್‌ಶಾಪಿನ ರೆಕಾರ್ಡ್ ಪುಸ್ತಕಕ್ಕೆ ಬಣ್ಣ ಬಳಿಯುತ್ತಾ ರಾತ್ರಿ ಕಳೆದು, ಬೆಳಗ್ಗೆ ಗಣಿತದ ಕ್ಲಾಸಿನಲ್ಲಿ ತೂಕಡಿಸುತ್ತಾರೆ.

ಹಾಜರಿ ವಿಷಯದಲ್ಲಿ ಹಿರಿಯರ ಮಾತು ನಂಬಬೇಡಿ. "ಏನೂ ಆಗಲ್ಲ ಮಗಾ" ಎನ್ನುವವರು ಎಲ್ಲ ಹಾಸ್ಟೆಲಿನಲ್ಲೂ ಇರುತ್ತಾರೆ. ಮದ್ರಾಸ್ ಐಐಟಿಯಲ್ಲಿ ಶೇ. 85 ಹಾಜರಿ ಬೇಕು. ಇಲ್ಲದಿದ್ದರೆ ಡಬ್ಲ್ಯೂ ಗ್ರೇಡ್, ಅಂದರೆ ಆ ವಿಷಯವನ್ನು ಮತ್ತೆ ಓದಬೇಕು. ನಿಮ್ಮ ಸಂಸ್ಥೆಯ ನಿಯಮ ಪುಸ್ತಕವನ್ನು ಮೊದಲ ವಾರದಲ್ಲೇ ಒಮ್ಮೆ ಓದಿ. ವಿಷಯ ಕೈಬಿಡಲು ಕೊನೆಯ ದಿನ ಯಾವುದು ಎಂಬುದನ್ನು ಗುರುತು ಹಾಕಿಕೊಳ್ಳಿ. ಒಂದು ವರ್ಷದ ನಂತರ ಬ್ರಾಂಚ್ ಬದಲಿಸಬಹುದು ಎಂಬ ಆಸೆಯಿಂದಲೇ ಸೇರಿದವರು ಆ ನಿಯಮವನ್ನಂತೂ ಓದಲೇಬೇಕು. ಕೆಲವು ಐಐಟಿಗಳು ಆ ಅವಕಾಶವನ್ನೇ ತೆಗೆದುಬಿಟ್ಟಿವೆ.

ಐಐಎಸ್‌ಸಿಯ ಬಿ.ಎಸ್.ಗೆ ಹೋಗುವವರಿಗೆ ಇನ್ನೊಂದು ವಿಷಯ. ಮೊದಮೊದಲ ಸೆಮಿಸ್ಟರುಗಳಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ಎಲ್ಲವನ್ನೂ ಎಲ್ಲರೂ ಓದಬೇಕು. "ನನಗೆ ಬಯಾಲಜಿ ಆಗಿಬರಲ್ಲ" ಎನ್ನುವ ಹಾಗಿಲ್ಲ. ಅಂದಹಾಗೆ, 1909ರಲ್ಲಿ ಶುರುವಾದ ಆ ಸಂಸ್ಥೆಗೆ ಜಾಗ ಕೊಟ್ಟದ್ದು ನಮ್ಮ ಮೈಸೂರು ಅರಸರೇ. ಗೇಟಿನೊಳಗೆ ಹೋಗುವಾಗ ಮುದುಡಿಕೊಳ್ಳುವ ಅಗತ್ಯವಿಲ್ಲ.

4. ಎರಡನೇ ವಾರದಿಂದ: ಓದುವ ರೀತಿ ಬದಲಿಸುವುದು

ಪಿಯುಸಿಯಲ್ಲಿ ಟೀಚರ್ ನೋಟ್ಸ್ ಬರೆಸುತ್ತಾರೆ, ಹಳೆಯ ಪ್ರಶ್ನೆಪತ್ರಿಕೆ ತಿರುಗಿಸಿದರೆ ಅರ್ಧ ಕೆಲಸ ಆಯಿತು. ಜೆಇಇಗೆ ವೇಗ ಬೇಕಿತ್ತು. ಇಲ್ಲಿ ಎರಡೂ ಕೈಕೊಡುತ್ತವೆ. ಹೇಗೆ ಎಂದು ಒಂದು ಲೆಕ್ಕದಲ್ಲೇ ತೋರಿಸುತ್ತೇನೆ.

ಒಂದು ಸಂಖ್ಯೆ 2ರ ಹತ್ತಿರ ಹತ್ತಿರ ಹೋಗುತ್ತಿದೆ. ಅದನ್ನು 3ರಿಂದ ಗುಣಿಸಿ 1 ಕೂಡಿಸಿದರೆ ಉತ್ತರ ಯಾವುದರ ಹತ್ತಿರ ಹೋಗುತ್ತದೆ? ಪಿಯುಸಿಯಲ್ಲಿ 2 ಹಾಕಿ, 7 ಎಂದು ಬರೆದು, ಮುಂದಿನ ಲೆಕ್ಕಕ್ಕೆ ಹೋಗುತ್ತೀರಿ. ಹತ್ತು ಸೆಕೆಂಡಿನ ಕೆಲಸ. ಅಲ್ಲಿ ಕೇಳುವುದು ಬೇರೆ: 7 ಎಂದು ಸಾಧಿಸಿ ತೋರಿಸಿ.

ಇದನ್ನೊಂದು ಪಂದ್ಯ ಅಂದುಕೊಳ್ಳಿ. ಎದುರಿನವನು ಒಂದು ಅಂತರ ಹೇಳುತ್ತಾನೆ, 0.03 ಅನ್ನಿ. ನಿಮ್ಮ ಉತ್ತರ 7ರಿಂದ ಅಷ್ಟು ದೂರ ಹೋಗಬಾರದು. ಈ ಅಂತರಕ್ಕೆ ಎಪ್ಸಿಲಾನ್ ಎಂದು ಹೆಸರು. ನೀವು ಹೇಳುತ್ತೀರಿ: "ಹಾಗಾದರೆ ಸಂಖ್ಯೆಯನ್ನು 2ರಿಂದ 0.01ರ ಒಳಗೆ ಇಡು, ನಾನು ಗೆದ್ದೆ." ಈ 0.01ಕ್ಕೆ ಡೆಲ್ಟಾ ಎಂದು ಹೆಸರು. ಯಾಕೆ 0.01? 3ರಿಂದ ಗುಣಿಸುವುದರಿಂದ ಒಳಗಿನ ಅಂತರ ಹೊರಗೆ ಮೂರು ಪಟ್ಟಾಗುತ್ತದೆ. ಅವನು ಎಷ್ಟೇ ಚಿಕ್ಕ ಅಂತರ ಹೇಳಲಿ, ಅದರ ಮೂರರಲ್ಲಿ ಒಂದು ಪಾಲು ಎಂದರೆ ನೀವು ಗೆದ್ದ ಹಾಗೆ. ಸಾಧನೆ, ಅಂದರೆ ಪ್ರೂಫ್, ಮುಗಿಯಿತು.

ಉತ್ತರ ನಿಮಗೆ ಮೊದಲೇ ಗೊತ್ತಿತ್ತು, ಆದರೂ ಅರ್ಧ ಪುಟ ಬರೆಯಬೇಕಾಯಿತು. ಮೊದಲ ಸೆಮಿಸ್ಟರಿನ ಗಣಿತದಲ್ಲಿ ಹೀಗೇ ಆಗುತ್ತಿರುತ್ತದೆ. "ಇದೆಲ್ಲ ಯಾಕೆ, ಉತ್ತರ 7 ಅಲ್ವಾ?" ಎಂದು ಪಟ್ಟು ಹಿಡಿದವರು ಕ್ವಿಜ್‌ನಲ್ಲಿ, ಅಂದರೆ ನಡುವೆ ಬರುವ ಚಿಕ್ಕ ಪರೀಕ್ಷೆಯಲ್ಲಿ, ಸೊನ್ನೆ ತರುತ್ತಾರೆ.

ಹಾಗಾಗಿ ದಿನಚರಿ ಹೀಗಿರಲಿ. ಪಾಠ ಆದ ದಿನವೇ, ಮಲಗುವ ಮುಂಚೆ, ನೋಟ್ಸ್ ಮುಚ್ಚಿಟ್ಟು ಅವತ್ತಿನ ಒಂದು ಸಾಧನೆಯನ್ನು ಖಾಲಿ ಹಾಳೆಯ ಮೇಲೆ ಬರೆಯಿರಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿ ಗುರುತು ಹಾಕಿ. ಟ್ಯುಟೋರಿಯಲ್, ಅಂದರೆ ಚಿಕ್ಕ ಗುಂಪಿನಲ್ಲಿ ಲೆಕ್ಕ ಬಿಡಿಸುವ ತರಗತಿ, ಅದಕ್ಕೆ ಹೋಗುವ ಹಿಂದಿನ ದಿನ ಲೆಕ್ಕದ ಹಾಳೆಯನ್ನು ಒಮ್ಮೆ ಮಾಡಿ ನೋಡಿ. ಎಲ್ಲ ಬರಬೇಕಾಗಿಲ್ಲ. ಹತ್ತರಲ್ಲಿ ನಾಲ್ಕು ಬಂದರೂ ಸರಿ, ಉಳಿದ ಆರರಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂದು ಹೇಳಲು ಬಂದರೆ ಆಯಿತು. ಖಾಲಿ ಕೈಯಲ್ಲಿ ಹೋಗಿ ಬೋರ್ಡಿನಿಂದ ನಕಲು ಮಾಡಿಕೊಂಡು ಬಂದರೆ ಟ್ಯುಟೋರಿಯಲ್‌ಗೆ ಹೋಗದಿದ್ದಂತೆಯೇ.

5. ಕೇಳುವುದು: ಇದಕ್ಕೂ ಒಂದು ಕ್ರಮ ಇದೆ

ನಮ್ಮಲ್ಲಿ ಮೇಷ್ಟ್ರನ್ನು ಪ್ರಶ್ನೆ ಕೇಳಿದರೆ ಎದುರುತ್ತರ ಎನ್ನಿಸಿಕೊಳ್ಳುವ ಭಯ. ಅದರ ಜೊತೆಗೆ "ಇಂಗ್ಲಿಷ್ ತಪ್ಪಾದರೆ?" ಎಂಬ ಇನ್ನೊಂದು ಭಯ. ನಾನು ಓದಿದ್ದೂ ಇಂಥದೇ ಒಂದು ಕಡೆ. ಮೊದಲ ಎಂಟು ವಾರ ಬಾಯಿ ಬಿಡಲಿಲ್ಲ. ಮೊದಲ ಕ್ವಿಜ್‌ನಲ್ಲಿ 20ಕ್ಕೆ 4 ಬಂತು. ಇದಕ್ಕಿಂತ ಹೆಚ್ಚು ನನ್ನ ಕಥೆ ಬೇಡ.

ಮೊದಲು ರೂಮಿನ ಪಕ್ಕದವರನ್ನು ಕೇಳಿ. ಆಮೇಲೆ ಟಿಎಯನ್ನು. ಟಿಎ ಎಂದರೆ ಬೋಧನಾ ಸಹಾಯಕರು, ಹೆಚ್ಚಾಗಿ ಪಿಎಚ್‌ಡಿ ಅಥವಾ ಎಂ.ಟೆಕ್ ವಿದ್ಯಾರ್ಥಿಗಳು. ಅವರಿಗೆ ನಿಮ್ಮ ಕಷ್ಟದ ನೆನಪು ಇನ್ನೂ ಹಸಿಯಾಗಿರುತ್ತದೆ. ಆಮೇಲೆ ಪ್ರೊಫೆಸರ್. ಅವರು ವಿದ್ಯಾರ್ಥಿಗಳಿಗೆಂದೇ ವಾರದಲ್ಲಿ ಒಂದಿಷ್ಟು ಹೊತ್ತು ಇಟ್ಟಿರುತ್ತಾರೆ. ಬಹಳಷ್ಟು ಸಲ ಆ ಹೊತ್ತಿನಲ್ಲಿ ಒಬ್ಬರೂ ಬಾಗಿಲು ತಟ್ಟುವುದಿಲ್ಲ.

ಮೇಲ್ ಬರೆಯುವುದಾದರೆ ಹೀಗೆ ಬರೆಯಬೇಡಿ: "ಸರ್, ನನಗೆ ಏನೂ ಅರ್ಥ ಆಗುತ್ತಿಲ್ಲ, ದಯವಿಟ್ಟು ಸಹಾಯ ಮಾಡಿ." ಇದಕ್ಕೆ ಉತ್ತರ ಬರೆಯಲು ಯಾರಿಗೂ ಆಗುವುದಿಲ್ಲ. ಹೀಗೆ ಬರೆಯಿರಿ: "3ನೇ ಟ್ಯುಟೋರಿಯಲ್‌ನ 5ನೇ ಲೆಕ್ಕದಲ್ಲಿ ಎಪ್ಸಿಲಾನ್ ಕೊಟ್ಟ ಮೇಲೆ ಡೆಲ್ಟಾ ಆರಿಸುವ ತನಕ ಬಂದೆ. ವರ್ಗಪದ ಬಂದಾಗ ಮುಂದೆ ಹೋಗಲಾಗಲಿಲ್ಲ. ಮಾಡಿದ್ದರ ಫೋಟೊ ಜೊತೆಗಿದೆ. ಬುಧವಾರ ಬಂದು ಕೇಳಬಹುದೇ?" ಮೇಲಿನ ಸಾಲಿನಲ್ಲಿ ವಿಷಯದ ಸಂಖ್ಯೆ, ಕೊನೆಯಲ್ಲಿ ಹೆಸರು, ರೋಲ್ ನಂಬರ್. ಇಂಗ್ಲಿಷ್ ವ್ಯಾಕರಣ ಒಂದೆರಡು ಕಡೆ ತಪ್ಪಿದರೂ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಪ್ರತಿ ವಿದ್ಯಾರ್ಥಿಗೂ ಒಬ್ಬ ಫ್ಯಾಕಲ್ಟಿ ಅಡ್ವೈಸರ್ ಇರುತ್ತಾರೆ, ಅಂದರೆ ನಿಮ್ಮ ಓದಿನ ಮೇಲೆ ಕಣ್ಣಿಡುವ ಅಧ್ಯಾಪಕರು. ಕಷ್ಟ ಬಂದ ಮೇಲೆ ಹೋಗಿ ಪರಿಚಯ ಹೇಳಿಕೊಳ್ಳುವ ಬದಲು ಎರಡನೇ ವಾರವೇ ಹೋಗಿ ಮುಖ ತೋರಿಸಿ ಬನ್ನಿ.

6. ಮೊದಲ ಕ್ವಿಜ್, ಮತ್ತು ಮನೆಯಿಂದ ಬರುವ ಫೋನ್

ಕ್ವಿಜ್ ಎಂದರೆ ಇಲ್ಲಿ ರಸಪ್ರಶ್ನೆ ಅಲ್ಲ, ಸೆಮಿಸ್ಟರಿನ ನಡುವೆ ಬರುವ ಚಿಕ್ಕ ಪರೀಕ್ಷೆ. ಅಂಕ ಬಂದ ಕೂಡಲೇ ಅಳಬೇಡಿ, ಕುಣಿಯಲೂ ಬೇಡಿ. ಮೊದಲು ಕ್ಲಾಸಿನ ಸರಾಸರಿ ಕೇಳಿ. ಬಹಳ ವಿಷಯಗಳಲ್ಲಿ ಗ್ರೇಡ್ ಕೊಡುವುದು ಉಳಿದವರಿಗೆ ಹೋಲಿಸಿ. ಸರಾಸರಿ 7 ಇದ್ದು ನಿಮಗೆ 20ಕ್ಕೆ 9 ಬಂದಿದ್ದರೆ ನೀವು ಚೆನ್ನಾಗಿದ್ದೀರಿ. ಸರಾಸರಿ 17 ಇದ್ದು ನಿಮಗೆ 15 ಬಂದಿದ್ದರೆ ಎಚ್ಚರವಾಗಬೇಕು.

ಉತ್ತರಪತ್ರಿಕೆ ತೋರಿಸುವ ದಿನ ತಪ್ಪದೆ ಹೋಗಿ. ಕೂಡಿಸುವಾಗ ಒಂದು ಉತ್ತರ ಬಿಟ್ಟುಹೋಗಿರುವುದು, ಹಿಂದಿನ ಪುಟ ನೋಡದಿರುವುದು ಇದ್ದದ್ದೇ. ಇದ್ದರೆ ವಿನಯವಾಗಿ ತೋರಿಸಿ. ಅಂಕ ಬೇಡುವುದು ಬೇರೆ, ತಪ್ಪು ತೋರಿಸುವುದು ಬೇರೆ.

ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ, ನಿಮಗೊಂದು ಮಾತು. "ಎಷ್ಟು ಪರ್ಸೆಂಟ್ ಬಂತಪ್ಪ?" ಎಂದು ಕೇಳಿದರೆ ಮಗುವಿನ ಹತ್ತಿರ ಉತ್ತರ ಇರುವುದಿಲ್ಲ. 98 ತಂದವನು "20ಕ್ಕೆ 9" ಎಂದು ಹೇಳಲಾರದೆ ಫೋನ್ ಎತ್ತುವುದನ್ನೇ ಬಿಡುತ್ತಾನೆ. ಇಡೀ ದೇಶದ ಫಸ್ಟ್ ರ‍್ಯಾಂಕುಗಳೆಲ್ಲ ಒಂದೇ ಕೋಣೆಯಲ್ಲಿ ಕೂತಾಗ ಅರ್ಧ ಜನ ಸರಾಸರಿಗಿಂತ ಕೆಳಗೇ ಇರಬೇಕು. ಊಟ ಆಯ್ತಾ, ನಿದ್ದೆ ಬರ್ತಿದೆಯಾ, ಇಷ್ಟು ಕೇಳಿ. ಪಕ್ಕದ ಮನೆಯವರಿಗೆ ಸಿಜಿಪಿಎ ಹೇಳುವುದು ಬೇಡ.

7. ನಕಲು

ಚಿಕ್ಕದಾಗಿ ಹೇಳುತ್ತೇನೆ. ಮಾಡಬೇಡಿ. ಒಬ್ಬರ ಕೋಡನ್ನು ಇನ್ನೊಬ್ಬರದ್ದಕ್ಕೆ ಹೋಲಿಸುವ ಮಾಸ್ ಎಂಬ ಸಾಫ್ಟ್‌ವೇರ್ ಇದೆ. ಹೆಸರು ಬದಲಿಸಿ, ಸಾಲು ಹಿಂದೆ ಮುಂದೆ ಮಾಡಿದರೂ ಅದು ಹಿಡಿಯುತ್ತದೆ. ಕೊಟ್ಟವನಿಗೂ ಶಿಕ್ಷೆ, ತೆಗೆದುಕೊಂಡವನಿಗೂ ಶಿಕ್ಷೆ. "ಫ್ರೆಂಡ್ ಕೇಳಿದ, ಇಲ್ಲ ಅನ್ನೋಕೆ ಆಗಲಿಲ್ಲ" ಎಂಬ ದಾಕ್ಷಿಣ್ಯದಿಂದಲೇ ನಮ್ಮ ಹುಡುಗರು ಸಿಕ್ಕಿಬೀಳುತ್ತಾರೆ. ಕೂತು ವಿವರಿಸಿ, ಫೈಲ್ ಕಳಿಸಬೇಡಿ. ಎಐ ಕೈಯಲ್ಲಿ ಅಸೈನ್‌ಮೆಂಟ್ ಬರೆಸಿದವರು ಪೆನ್ನು ಕಾಗದದ ಪರೀಕ್ಷೆಯಲ್ಲಿ ಕೈ ಹಿಸುಕಿಕೊಳ್ಳುತ್ತಾರೆ.

8. ಊರು, ಊಟ, ಮನಸ್ಸು

ಮದ್ರಾಸ್ ಐಐಟಿಯ ಹಾಸ್ಟೆಲುಗಳಿಗೆ ನದಿಗಳ ಹೆಸರು. ಕಾವೇರಿ ಇದೆ, ಶರಾವತಿಯೂ ಇದೆ. ಮುದ್ದೆ, ಉಪ್ಸಾರು ಮಾತ್ರ ಇಲ್ಲ. ಹುಚ್ಚೆಳ್ಳು ಚಟ್ನಿಪುಡಿ ಒಂದು ಡಬ್ಬಿ ಇಟ್ಟುಕೊಂಡರೆ ಒಂದು ತಿಂಗಳು ದೂಡಬಹುದು.

ಊರಿಗೆ ಬರುವುದು ಸುಲಭ. ರಾತ್ರಿ ಚೆನ್ನೈನಲ್ಲಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಮಂಡ್ಯ, ಮೈಸೂರು. ಸುಲಭ ಅನ್ನುವುದೇ ತೊಂದರೆ. ಮೊದಲ ತಿಂಗಳು ಪ್ರತಿ ಶನಿವಾರ ಬ್ಯಾಗ್ ಹೊರುವವರಿಗೆ ಅಲ್ಲಿ ಗೆಳೆಯರಾಗುವುದಿಲ್ಲ, ಲೆಕ್ಕದ ಹಾಳೆ ಮುಗಿಯುವುದಿಲ್ಲ. ಮೊದಲ ಸಲ ದಸರಾಕ್ಕೆ ಬನ್ನಿ. ಆದರೆ ದಸರಾ ಸೆಮಿಸ್ಟರಿನ ನಡುವೆ ಬರುತ್ತದೆ, ಕ್ವಿಜ್ ಕೂಡ ಅದೇ ಹೊತ್ತಿಗೆ ಬೀಳಬಹುದು. ಕ್ಯಾಲೆಂಡರ್ ನೋಡಿಕೊಳ್ಳಿ. ರೈಲ್ವೆ ಮುಂಗಡ ಬುಕಿಂಗ್ ಈಗ 120 ದಿನದ ಬದಲು 60 ದಿನ ಮುಂಚೆ ತೆರೆಯುತ್ತದೆ. ದಸರಾ ರೈಲುಗಳಿಗೆ ಆ ಮೊದಲ ದಿನವೇ ಕೂತು ಬುಕ್ ಮಾಡಿ.

ರ‍್ಯಾಗಿಂಗ್ ಆದರೆ 1800-180-5522ಕ್ಕೆ ಫೋನ್ ಮಾಡಿ.

ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ರೂಮಿನಿಂದ ಹೊರಗೆ ಬರುವ ಮನಸ್ಸಿಲ್ಲ ಎಂದಾದರೆ ಅದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಕ್ಯಾಂಪಸ್ಸಿನ ಕೌನ್ಸೆಲರ್ ಹತ್ತಿರ ಹೋಗಿ. ಅಲ್ಲಿ ಇಂಗ್ಲಿಷಿನಲ್ಲಿ ಹೇಳಿಕೊಳ್ಳಲು ಆಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ರೂಮ್‌ಮೇಟ್ ಹೀಗಿದ್ದರೆ ಅವನ ಪರವಾಗಿ ನೀವೇ ಮಾಡಿ.

9. ಸೆಮಿಸ್ಟರ್ ಕೊನೆಗೆ

ಕೊನೆಯ ಪರೀಕ್ಷೆಗೆ ತೂಕ ಜಾಸ್ತಿ. ಎರಡು ವಾರ ಮುಂಚೆ ಹಿಂದಿನ ಕ್ವಿಜ್‌ಗಳ ಪತ್ರಿಕೆ ತೆಗೆದು, ಎಲ್ಲಿ ಅಂಕ ಹೋಯಿತೋ ಅಲ್ಲಿಂದ ಓದು ಶುರು ಮಾಡಿ. ಮೊದಲ ಪಾಠದಿಂದ ಶುರು ಮಾಡಿದವರು ಕೊನೆಯ ಮೂರು ಪಾಠಕ್ಕೆ ಬರುವುದೇ ಇಲ್ಲ.

ಒಂದು ವಿಷಯ ಹೋದರೆ ಅದು ಬ್ಯಾಕ್‌ಲಾಗ್, ಅಂದರೆ ಬಾಕಿ. ಮತ್ತೆ ಯಾವಾಗ ಆ ವಿಷಯ ನಡೆಯುತ್ತದೆ, ಮರುಪರೀಕ್ಷೆ ಇದೆಯೇ ಎಂದು ಊರಿಗೆ ಹೊರಡುವ ಮುಂಚೆಯೇ ಅಡ್ವೈಸರನ್ನು ಕೇಳಿಕೊಂಡು ಬನ್ನಿ. ರಜೆಯಲ್ಲಿ ಮೇಲ್‌ಗೆ ಉತ್ತರ ಬರುವುದಿಲ್ಲ.

ಡಿಸೆಂಬರಿನಲ್ಲಿ ಮನೆಗೆ ಬಂದಾಗ ಮುಂದಿನ ವರ್ಷದ ಶುಲ್ಕ ಮಾಫಿಗೆ ಬೇಕಾದ ಆದಾಯ ಪತ್ರದ ಕೆಲಸವನ್ನೂ ವಿಚಾರಿಸಿ ಇಟ್ಟುಕೊಳ್ಳಿ. ನಾಡಕಚೇರಿಗೆ ಬೆಳಗ್ಗೆ ಹತ್ತಕ್ಕೇ ಹೋಗಿ. ಊಟದ ಹೊತ್ತಿಗೆ ಹೋದರೆ "ಸರ್ವರ್ ಡೌನ್" ಎಂಬ ಉತ್ತರ ಸಿಗುತ್ತದೆ.